ಡಿಕಾಕ್ಷನ್‌ನಲ್ಲಿ ಅದ್ದಿದ ಹನ್ನೊಂದು ಮೊಟ್ಟೆ

ಹೇರೋಹಳ್ಳಿಯ ನಮ್ಮ ಮನೆಯಲ್ಲಿ ಕೋಳಿಗೆ ಉಳಿದಿರುವುದು ನೀರಿನ ಸಂಪಿಗೂ ಕಾಂಪೌಂಡಿಗೂ ನಡುವಿನ ಎಂಟು ಅಡಿ ಜಾಗ. ತವರಿನಿಂದ ತಂದ ನಾಟಿ ಕೋಳಿಯ ತಳಿಯನ್ನು ನನ್ನ ಹೆಂಡತಿ ನಲವತ್ತು ವರ್ಷ ಅಲ್ಲೇ ಉಳಿಸಿಕೊಂಡು ಬಂದಿದ್ದಳು. ಅವುಗಳ ಮೊಟ್ಟೆಗೆ ಹಾಲು ಜಾಸ್ತಿಯಾದ ಕಾಫಿಯ ಬಣ್ಣ. ಹತ್ತು ಮನೆಯ ಮೊಟ್ಟೆ ಬೆರೆಸಿಟ್ಟರೂ ತನ್ನವನ್ನು ಆರಿಸಿ ತೆಗೆಯುತ್ತಿದ್ದಳು. ಈಗ ಅವಳ ಕಣ್ಣಿಗೆ ಪೊರೆ ಬಂದಿದೆ. ನಾನು ಅದನ್ನೇ ನೆಚ್ಚಿಕೊಂಡೆ.

ಕೊನೆಗೆ ಒಂದು ಹುಂಜ, ಒಂದು ಹೇಟೆ ಉಳಿದಿದ್ದವು. ಬೆಳಗಾದರೆ ಕೂಗುತ್ತದೆಂದು ಮಹಡಿಯ ಬಾಡಿಗೆಯವರು ಗೊಣಗಿದ್ದರಿಂದ ಹುಂಜವನ್ನು ಹಬ್ಬಕ್ಕೆ ಕೊಯ್ದೆವು. ಅಷ್ಟರಲ್ಲಿ ಹೇಟೆ ಹನ್ನೊಂದು ಮೊಟ್ಟೆ ಇಟ್ಟಿತ್ತು. ಅವನ್ನು ರಾಗಿ ಡಬ್ಬದಲ್ಲಿ ಹುಗಿದಿಟ್ಟು ಹೆಂಡತಿ ಹೇಳಿದಳು: "ರೀ, ಇವನ್ನ ಮುಟ್ಬೇಡಿ. ಕಾವಿಗೆ ಕೂರಿಸ್ಬೇಕು. ಇಷ್ಟೇ ಇರೋದು."

ಆ ವಾರವೇ ಪಾರ್ಕಿನಲ್ಲಿ ನನ್ನ ಜೊತೆ ನಡೆಯುವ ನಿವೃತ್ತ ಮೇಷ್ಟ್ರು ಕೇಳಿದರು: "ಮಗಳಿಗೆ ಹೆರಿಗೆಯಾಗಿದೆ. ನಿಜವಾದ ನಾಟಿ ಮೊಟ್ಟೆ ಎಲ್ಲಾದ್ರೂ ಸಿಗುತ್ತಾ?"

ನಾನು ಎಸ್ಸೆಸ್ಸೆಲ್ಸಿಗೇ ನಿಂತವನು. ಅಂಥವರು ನನ್ನನ್ನು ಒಂದು ವಸ್ತು ಕೇಳಿದ್ದು ಅದೇ ಮೊದಲು. "ಅದೇನ್ ಮಹಾ ಸಾರ್, ನಾಳೆ ತಂದ್ಕೊಡ್ತೀನಿ" ಅಂದುಬಿಟ್ಟೆ.

ಹೆಂಡತಿ ದೇವಸ್ಥಾನಕ್ಕೆ ಹೋಗಿದ್ದಾಗ ಹನ್ನೊಂದನ್ನೂ ತೆಗೆದು ಮೇಷ್ಟ್ರಿಗೆ ಕೊಟ್ಟುಬಂದೆ. ಅಂಗಡಿಗೆ ಹೋಗಿ ಫಾರಂ ಮೊಟ್ಟೆಗಳಲ್ಲಿ ಚಿಕ್ಕವನ್ನೇ ಹುಡುಕುತ್ತಾ ನಿಂತೆ. ಅಂಗಡಿಯವನು ನಕ್ಕ: "ಏನ್ ಯಜಮಾನ್ರೇ, ಹೆಣ್ಣು ನೋಡೋ ಹಾಗೆ ನೋಡ್ತಾ ಇದೀರಲ್ಲ!"

ಮನೆಗೆ ಬಂದು ಟೀ ಡಿಕಾಕ್ಷನ್ ಕಾಯಿಸಿ, ಆರಿಸಿ, ಆ ಫಾರಂ ಮೊಟ್ಟೆಗಳನ್ನು ಅದರಲ್ಲಿ ಮುಳುಗಿಸಿದೆ. ಒರೆಸಿ ರಾಗಿಯೊಳಗೆ ಹುಗಿದೆ.

ಹೇಟೆ ಕಾವಿಗೆ ಬಂತು. ಬಿದಿರಿನ ಮಂಕರಿಯಲ್ಲಿ ಹುಲ್ಲು ಹಾಸಿ ಹೆಂಡತಿ ಒಂದೊಂದಾಗಿ ಮೊಟ್ಟೆ ಜೋಡಿಸಿದಳು. ಆಗಲೇ ಹೇಳಬಹುದಿತ್ತು. ಹೇಳಿ ಪ್ರಯೋಜನವೇನು, ಮೇಷ್ಟ್ರ ಮನೆಯವರು ತಿಂದು ಮುಗಿಸಿರುತ್ತಾರೆ ಎಂದು ಸುಮ್ಮನಾದೆ. ಕೋಳಿ ಕಾಳನ್ನೂ ಸರಿಯಾಗಿ ತಿನ್ನದೆ ಕೂತಿತು. ಇಪ್ಪತ್ತೊಂದು ದಿನ ಕಳೆಯಿತು. ಮರಿ ಬರಲಿಲ್ಲ.

"ಇನ್ನೆರಡು ದಿನ ನೋಡೋಣ" ಅಂದಳು. ನಾನೂ ಹೂಂ ಅಂದೆ.

ಇಪ್ಪತ್ಮೂರನೆಯ ದಿನ ಉಗುರುಬೆಚ್ಚನೆ ನೀರು ತರಿಸಿದಳು. ಮೊಟ್ಟೆಯೊಳಗೆ ಜೀವವಿದ್ದರೆ ಅದು ನೀರಿನಲ್ಲಿ ಅಲುಗಾಡುತ್ತದೆ. ಒಂದೂ ಅಲುಗಲಿಲ್ಲ. ಒಂದನ್ನು ಎತ್ತಿ, ಅಂಟಿದ್ದ ಹಿಕ್ಕೆಯನ್ನು ಒದ್ದೆ ಬಟ್ಟೆಯಿಂದ ಉಜ್ಜಿದಳು. ಉಜ್ಜಿದ ಕಡೆ ಬಿಳಿ ಕಾಣಿಸಿತು. ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಮತ್ತೆ ಉಜ್ಜಿದಳು.

"ಟೀ ಪುಡಿ ಅಷ್ಟು ಬೇಗ ಹೆಂಗೆ ಖಾಲಿಯಾಯ್ತು ಅಂತ ಆವತ್ತೇ ಅಂದ್ಕೊಂಡೆ" ಅಂದಳು.

"ತಪ್ಪಾಯ್ತು ಕಣೇ" ಅಂದೆ. ಮೇಷ್ಟ್ರ ಸಂಗತಿ ಹೇಳಿದೆ. ಅವಳು ಬೈಯಲಿಲ್ಲ. "ಬಾಣಂತಿ ತಾನೇ ತಿಂದಿದ್ದು, ಹೋಗ್ಲಿ ಬಿಡಿ" ಅಂದು ಒಳಗೆ ಹೋದಳು. ಕೋಳಿ ಮಾತ್ರ ಬರಿ ಮಂಕರಿಯಲ್ಲಿ ಕೂತೇ ಇತ್ತು. ಎತ್ತಿ ಆಚೆ ಬಿಟ್ಟರೆ ನನ್ನ ಕೈ ಕುಕ್ಕಿ ಮತ್ತೆ ಹೋಗಿ ಕೂರುತ್ತಿತ್ತು.

ಬೇರೆ ಹುಂಜ ತರೋಣವೆಂದೆ. "ಬಂದ್ರೆ ಅದರ ತಳಿ ಬರುತ್ತೆ, ನಮ್ಮದಲ್ಲ" ಅಂದಳು.

ಈಗ ಹೇಟೆ ಮತ್ತೆ ಮೊಟ್ಟೆ ಇಡುತ್ತಿದೆ, ಅದೇ ಬಣ್ಣದ್ದು. ಅವಳು ಯಾವುದನ್ನೂ ರಾಗಿಯಲ್ಲಿ ಇಡುವುದಿಲ್ಲ. ಬೇಯಿಸಿ ನನ್ನ ತಟ್ಟೆಗೆ ಹಾಕಿ, "ಹುಂಜ ಇಲ್ದೆ ಮರಿಯಂತೂ ಆಗಲ್ಲ, ತಿನ್ನಿ" ಅನ್ನುತ್ತಾಳೆ. ಸಿಪ್ಪೆ ಸುಲಿದು ತಿನ್ನುತ್ತೇನೆ.