ಕೋರ್ಟಿಗೆ ಕಟಕಟೆ ಮಾಡಿದ ಅಂಕಲ್

ಮೆಲ್ಬರ್ನ್‌ನ ನಮ್ಮ ಸಬರ್ಬ್‌ನಲ್ಲಿ ಹೊಸ ಕೋರ್ಟ್ ಕಟ್ಟುತ್ತಿದ್ದಾಗ ನಾನು ಅಲ್ಲಿ ಕಸ ಗುಡಿಸುತ್ತಿದ್ದೆ. ಓದಲು ಬಂದವಳು, ರೆಂಟ್ ಕಟ್ಟಬೇಕಿತ್ತು, ಅಷ್ಟೇ. ಮರದ ಕೆಲಸಕ್ಕೆ ಮಂಗಳೂರಿನ ಕಡೆಯ ಅಂಕಲ್ ಒಬ್ಬರಿದ್ದರು. ತಾವು ಮಾಡಿದ ಪ್ರತಿ ಬೆಂಚಿನ ಮೇಲೂ ಕೂತು, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಎದುರಿಗೆ ಏನು ಕಾಣುತ್ತದೆ ಎಂದು ನೋಡುತ್ತಿದ್ದರು. ನಾನು ನಕ್ಕರೆ, "ಕೂತು ನೋಡದೆ ಹೇಗೆ ಗೊತ್ತಾಗ್ತದೆ ಮಾರಾಯ್ತಿ?" ಅನ್ನುತ್ತಿದ್ದರು.

ಸಾಕ್ಷಿ ಹೇಳುವವರು ಕೂರುವ ಕಟಕಟೆಯ ಮುಂದಿನ ಹಲಗೆ ಮಾತ್ರ ಅವರಿಗೆ ಸರಿ ಕಾಣಲಿಲ್ಲ. ತೀರಾ ಎತ್ತರವಾಯಿತು ಅಂದರು. ಸೂಪರ್‌ವೈಸರ್ ಸಿಡುಕಿದ.

"ಡ್ರಾಯಿಂಗ್‌ನಲ್ಲಿ ಇರೋ ಹಾಗೇ ಕೂರಿಸು. ಆಗಲ್ಲ ಅಂದ್ರೆ ನಾಳೆಯಿಂದ ಬರಬೇಡ."

ಅಂಕಲ್ ಸುತ್ತಿಗೆ ಕೆಳಗಿಟ್ಟು ನನ್ನನ್ನು ಕರೆದರು. "ಬಾ, ಇಲ್ಲಿ ಕೂತ್ಕೋ. ನಿನ್ನಷ್ಟು ಗಿಡ್ಡ ಈ ಸೈಟಲ್ಲಿ ಬೇರೆ ಯಾರೂ ಇಲ್ಲ."

"ಹೊಗಳಿದ್ದು ಸಾಕು ಅಂಕಲ್," ಅಂತ ಹೋಗಿ ಕೂತೆ.

ವಕೀಲರ ಜಾಗದಲ್ಲಿ ನಿಂತು ನೋಡಿದರೆ ಏನೂ ತಿಳಿಯುವುದಿಲ್ಲ, ಕೂತು ನೋಡು ಎಂದು ಸೂಪರ್‌ವೈಸರ್‌ನನ್ನೂ ಅಲ್ಲಿನ ಬೆಂಚಿನಲ್ಲಿ ಕೂರಿಸಿದರು. ಅಲ್ಲಿಂದ ಅವನಿಗೆ ಕಂಡಿದ್ದು ನನ್ನ ನೆತ್ತಿ ಮಾತ್ರ.

"ಮುಖವೇ ಕಾಣದಿದ್ರೆ ಇವಳ ಮಾತು ಯಾರು ನಂಬ್ತಾರೆ?" ಅಂಕಲ್ ಮೆತ್ತಗೆ ಕೇಳಿದರು.

ಸೂಪರ್‌ವೈಸರ್ ಬಟನ್ ಫೋನ್ ಒತ್ತುತ್ತಾ ಹೊರಗೆ ಹೋಗಿ ಆರ್ಕಿಟೆಕ್ಟ್ ಜೊತೆ ಮಾತಾಡಿ ಬಂದ.

"ಸರಿ, ಎಷ್ಟು ಕುಯ್ಯಬೇಕು?"

ಅಂಕಲ್ ಟೇಪ್ ಹಿಡಿಯಲಿಲ್ಲ. ಪೆನ್ಸಿಲನ್ನು ನನ್ನ ಕೈಗೆ ಕೊಟ್ಟರು.

ನಾನು ಕೂತಲ್ಲಿಂದಲೇ ಹಲಗೆಯ ಮೇಲೆ ನನ್ನ ಎದೆಮಟ್ಟಕ್ಕೆ ಗೆರೆ ಎಳೆದೆ. ಅವರು ಸರಿಯಾಗಿ ಅದರ ಮೇಲೇ ಗರಗಸ ಇಟ್ಟರು.