ಒಲೆಗೆ ಬಾರದ ಬಿದಿರು

ಮೊನ್ನೆ ಬಚ್ಚಲ ಒಲೆಯಿಂದ ಬಂದ ವಾಸನೆಗೆ ನಾನು ಎದ್ದು ಹೊರಗೆ ಹೋದೆನಲ್ಲ, ಅದಕ್ಕೆ ಕಾರಣ ಕೇಳಿದಿರಿ. ಕಾಡಿನಲ್ಲಿ ಕಡಿದುಳಿದ ರೆಂಬೆ, ಒಣಬಿದಿರು ಎಲ್ಲವನ್ನೂ ಪುಡಿ ಮಾಡಿ ಒತ್ತಿದ ಸೌದೆ ಇಟ್ಟಿಗೆ ಆ ಒಲೆಯಲ್ಲಿತ್ತು. ಕಾರ್ಖಾನೆಗಳ ಬಾಯ್ಲರಿಗೆ ಹಾಕುತ್ತಾರಂತೆ. ಸುರೇಶ ಹಾಸನದಿಂದ ಒಂದು ಚೀಲ ಮನೆಗೂ ತಂದಿದ್ದ. ಹುಲ್ಲು ಸುಟ್ಟಂಥ, ಸ್ವಲ್ಪ ಸಿಹಿಯಾದ ಹೊಗೆ. "ಬಿದಿರಾ?" ಎಂದೆ. "ಹೂಂ ಅಜ್ಜಿ, ಯಾಕೆ?" ಎಂದ. ನಾನು ಎದ್ದು ಅಂಗಳಕ್ಕೆ ನಡೆದೆ. ನಿಮ್ಮ ತಾತ ಇದ್ದಾಗ ನನ್ನ ಪಾಲಿನ ಮಾತನ್ನೂ ಅವರೇ ಆಡಿಬಿಡುತ್ತಿದ್ದರು. ಈಗ ಎದುರು ಕೂತು ಹೇಳುವುದಕ್ಕಿಂತ ಬರೆಯುವುದೇ ನನಗೆ ಸಲೀಸು.

ಅರಕಲಗೂಡಿನ ಆಚೆ, ಕಾಡಂಚಿನ ಊರು ನಮ್ಮದು. ಮನೆಯಲ್ಲಿ ಅಪ್ಪನ ತಾಯಿ ಅಂದರೆ ನನ್ನ ಅಜ್ಜಿ, ಅಪ್ಪ, ಅಮ್ಮ, ನಾನು, ಮತ್ತೆ ಚಿಕ್ಕವ್ವ. ಚಿಕ್ಕವ್ವ ಎಂದರೆ ಅಪ್ಪನ ತಮ್ಮನ ಹೆಂಡತಿ. ಚಿಕ್ಕಪ್ಪ ಬೇಗ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಮನೆಗೆ ಸೌದೆ ತರುವವಳೂ ಅವಳೇ, ಒಲೆ ಹಚ್ಚುವವಳೂ ಅವಳೇ. ಕಂಟ್ರಾಕ್ಟರು ದಿಮ್ಮಿ ಸಾಗಿಸಿದ ಮೇಲೆ ಉಳಿದ ಚಕ್ಕೆ, ಪುಳ್ಳೆ, ಮುರಿದ ಕೊಂಬೆ ಹೆಂಗಸರ ಪಾಲು. ನಾನೂ ಅವಳ ಸೆರಗು ಹಿಡಿದು ಹೋಗುತ್ತಿದ್ದೆ. ಕಡಿದ ಮರದ ಬುಡದಲ್ಲಿ ಅಂಟು ಒಸರುತ್ತಿತ್ತು, ಒಣಗಿದ ಎಲೆ ಕಾಲಡಿಯಲ್ಲಿ ಹಪ್ಪಳದಂತೆ ಮುರಿಯುತ್ತಿತ್ತು. ಒಮ್ಮೆ ಫಾರೆಸ್ಟ್ ಗಾರ್ಡು ಅಡ್ಡಬಂದಾಗ ಚಿಕ್ಕವ್ವ ಹೊರೆ ಇಳಿಸದೆಯೇ, "ಆ ಕಂಟ್ರಾಕ್ಟ್ರು ಲಾರೀಲಿ ತುಂಬ್ಕೊಂಡ್ ವೋದಾಗ ನೀನು ಯಾವ ಮರದಡಿ ಮಲ್ಗಿದ್ದಪ್ಪಾ?" ಎಂದಳು. ಗಾರ್ಡೇ ನಕ್ಕು ದಾರಿ ಬಿಟ್ಟ.

ನಾವು ತಂದ ಹೊರೆಯನ್ನು ಅಜ್ಜಿ ಬಾಗಿಲಲ್ಲೇ ಬಿಚ್ಚಿ ನೋಡುತ್ತಿದ್ದಳು. ಬಿದಿರಿದ್ದರೆ ಅದು ಬೇಲಿಗೆ, ಕುಕ್ಕೆಗೆ, ಚಪ್ಪರಕ್ಕೆ. ಒಲೆಗೆ ಮಾತ್ರ ಇಲ್ಲ. ಬಿದಿರಿಗೂ ವಂಶ ಅಂತಲೇ ಹೆಸರು, ಅದನ್ನು ಸುಟ್ಟ ಮನೆಯ ವಂಶ ನಿಲ್ಲುವುದಿಲ್ಲ ಎಂದು ಗುಡಿಯ ಅಯ್ಯನೋರು ಹಿಂದೆ ಯಾವಾಗಲೋ ಅವಳಿಗೆ ಹೇಳಿದ್ದರಂತೆ. ಸಂಸ್ಕೃತದಲ್ಲಿ ಆ ಪದಕ್ಕೆ ಎರಡೂ ಅರ್ಥ ಇರುವುದು ನಿಜ, ಆಮೇಲೆ ನಮ್ಮ ಊರ ಶಾಲೆಯ ಮೇಷ್ಟ್ರೂ ಹೇಳಿದರು. ಅಷ್ಟೇ ಅದು, ಒಂದು ಪದ.

ಬಿದಿರು ಹೂ ಬಿಟ್ಟು ಮೆಳೆ ಮೆಳೆಯೇ ಸತ್ತ ವರ್ಷ ಅಮ್ಮ ಬಸುರಿ. ಕಾಡಿನ ತುಂಬ ಒಣಬಿದಿರು. ಬೇಲಿಗೆಂದು ಅಪ್ಪ ಒಂದು ಗಾಡಿ ತಂದು ಕೊಟ್ಟಿಗೆಯ ಅಟ್ಟಕ್ಕೆ ಏರಿಸಿದ್ದರು. ಅಮ್ಮನಿಗೆ ನೋವು ಬಂದ ದಿನ ಮೂರು ದಿನದ ಜಡಿಮಳೆ ಹಿಡಿದಿತ್ತು. ಹಿತ್ತಲ ಸೌದೆಯೆಲ್ಲ ನೀರು ಕುಡಿದು ಬರೀ ಹೊಗೆ. ಒಳಗಿನಿಂದ ಸೂಲಗಿತ್ತಿ ಬಿಸಿನೀರಿಗೆ ಕೂಗುತ್ತಿದ್ದಳು. ಚಿಕ್ಕವ್ವ ಒಂದು ಗಳಿಗೆ ಒಲೆ ನೋಡಿದಳು, ಆಮೇಲೆ ಕೊಟ್ಟಿಗೆಗೆ ಹೋಗಿ ಬಿದಿರು ಕಡಿದು ತಂದಳು. ಸೀಳಲು ಪುರುಸೊತ್ತಿರಲಿಲ್ಲ. ಉರಿ ತಾಗಿದ್ದೇ ಗೆಣ್ಣು ಗೆಣ್ಣೂ ಢಬ್ ಢಬ್ ಎಂದು ಸಿಡಿಯತೊಡಗಿತು.

"ಅದ್ಯಾನೇ ಸದ್ದು?" ಎಂದು ಅಜ್ಜಿ ಒಳಗಿನಿಂದಲೇ ಕೇಳಿದಳು.

"ಬಿದ್ರು ಕಣತ್ತೆ. ನೀರ್ ಕಾಯ್ಬೇಕಲ್ಲ."

"ಗಂಡು ಬತ್ತಾ ಅದೆ ಅಂತ ಗರ್ನಾಲು ಸಿಡಿಸ್ತಾವ್ಳೆ, ಸುಮ್ಕಿರವ್ವ," ಎಂದಳು ಸೂಲಗಿತ್ತಿ. ಅಜ್ಜಿ ನಗಲಿಲ್ಲ.

ಗಂಡೇ ಆಯಿತು. ಅವನೇ ನಿಮ್ಮ ರಂಗಜ್ಜ. ಕೆಲವು ತಿಂಗಳಿಗೆ ಮಗುವಿಗೆ ಜ್ವರ ಏರಿ ಹಾಲು ಬಿಟ್ಟಿತು. ಅಜ್ಜಿ ಚಿಕ್ಕವ್ವನಿಗೆ ಬೈಯಲಿಲ್ಲ. ಮೆತ್ತಗೆ, "ಇನ್ಮ್ಯಾಕೆ ನೀನು ಒಲೆ ಮುಂದೆ ಕೂರ್ಬ್ಯಾಡ ಕಣವ್ವ" ಎಂದಳು. ಜ್ವರ ಇಳಿಯಿತು, ಆ ಮಾತು ಇಳಿಯಲಿಲ್ಲ. ಚಿಕ್ಕವ್ವ ಕಾಡಿನಿಂದ ಸೌದೆ ತಂದು ಹೊಸ್ತಿಲಾಚೆ ಹಾಕಿ, ಕೈ ಒರೆಸಿಕೊಂಡು ಜಗಲಿಯಲ್ಲಿ ಕೂರುತ್ತಿದ್ದಳು. ಬಡಿಸಿದ್ದನ್ನು ಉಂಡು ಏಳುತ್ತಿದ್ದಳು. ಒಲೆ ಇಲ್ಲದ ಮೇಲೆ ಆ ಮನೆಯಲ್ಲಿ ಅವಳಿಗೆ ಏನಿತ್ತು? ಚನ್ನರಾಯಪಟ್ಟಣದ ಕಡೆಯಿಂದ ಅವಳ ಅಣ್ಣ ಬಂದವನು ಕರೆದುಕೊಂಡು ಹೋದ. "ಹಬ್ಬ ಕಳೀಲಿ, ನಾನೇ ಬಂದು ಕರ್ಕೊಂಡ್ ಬತ್ತೀನಿ" ಎಂದರು ಅಪ್ಪ. ಯಾವ ಹಬ್ಬ ಎಂದು ಅವರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.

ನನ್ನ ಮದುವೆಯಾದ ಹೊಸತರಲ್ಲಿ ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಅವಳು ಸಿಕ್ಕಳು. ಮೊದಲು ಕೇಳಿದ್ದೇ, "ಮಗ ಎಂಗವ್ನೆ?" ಎಂದು.

"ಆಳುದ್ದ ಆಗವ್ನೆ ಚಿಕ್ಕವ್ವ. ನೇಗ್ಲು ಇಡ್ದು ಆರಂಬಕ್ಕೂ ಇಳ್ದವ್ನೆ."

ಅವಳ ಮುಖ ಅರಳಿತು. "ಅಂಗಾರೆ ನಿಮ್ಮಜ್ಜಿ ಈಗ್ಲಾದ್ರೂ ನಗ್ತಾಳಾ?"

ಅಜ್ಜಿ ಹೋಗಿ ಆಗಲೇ ಎರಡು ವರ್ಷ. ಹೇಳಿದೆ. ಅವಳು ಬಸ್ಸುಗಳ ಕಡೆ ತಿರುಗಿದಳು. "ಯೋಳ್ ಕಳಿಸ್ಲೇ ಇಲ್ವಲ್ಲವ್ವ ಯಾರೂವೆ" ಎಂದಳು. ಬೇಡ ಎಂದವಳು ಇಲ್ಲವಾಗಿ ಎರಡು ವರ್ಷವಾಗಿತ್ತು. ಬಾ ಎನ್ನಲು ಯಾರಿಗೂ ನೆನಪಾಗಿರಲಿಲ್ಲ.

ಊರಿಗೆ ಹೋದಾಗ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. "ಓಗಾನ, ರಾಗಿ ಕುಯ್ಲು ಮುಗೀಲಿ" ಎಂದರು. ಕುಯ್ಲು ಮುಗಿಯುವ ಮೊದಲೇ ಸುದ್ದಿ ಬಂತು. ಅಪ್ಪ ಹೋದದ್ದು ಅವಳ ಮಣ್ಣಿಗೆ. ತಿರುಗಿ ಬಂದವರು ಸ್ನಾನ ಮಾಡಿ, ಊಟ ಬೇಡವೆಂದು ಜಗಲಿಯಲ್ಲೇ ಕೂತಿದ್ದರಂತೆ. "ಅವ್ಳು ಮಲಗ್ತಿದ್ ಜಾಗ್ದಲ್ಲಿ ಈಗ ಏನಿಟ್ಟಿದೀಯ?" ಎಂದು ಅಮ್ಮನನ್ನು ಕೇಳಿದರಂತೆ.

"ರಾಗಿ ಮಡ್ಕೆ."

"ತಗ್ದು ಬ್ಯಾರೆ ಕಡೆ ಮಡಗು."

ಅಮ್ಮ ಮಡಕೆಗಳನ್ನು ಒಂದೊಂದಾಗಿ ಸರಿಸಿ, ಆ ಜಾಗವನ್ನು ಸಾರಿಸಿದಳಂತೆ.