ಗಾಡಿಮನೆಯ ಗಿಡಗಳು

ಶಂಕರಪುರದ ನಮ್ಮ ಬೀದಿಯಲ್ಲಿ ನನ್ನ ವ್ಯಾನು ನಿಂತಿದ್ದರೆ ಜನ ನನ್ನನ್ನು ನರ್ಸರಿಯವನೆಂದು ತಿಳಿಯುತ್ತಾರೆ. ಮೊನ್ನೆ ಒಬ್ಬರು ಕಿಟಕಿ ತಟ್ಟಿ, "ಯಜಮಾನ್ರೇ, ಮನಿ ಪ್ಲಾಂಟ್ ಹೆಂಗ್ ಕೊಡ್ತೀರಾ?" ಎಂದು ಕೇಳಿದರು. "ಮಾರೋಕಲ್ಲ ಸ್ವಾಮಿ, ಇವು ಊರು ಸುತ್ತೋ ಗಿಡಗಳು" ಎಂದೆ. ಅವರು ನನ್ನ ಮುಖವನ್ನೊಮ್ಮೆ ನೋಡಿ ಹೊರಟುಹೋದರು.

ಅವರ ತಪ್ಪೇನೂ ಇಲ್ಲ. ಕಾಟನ್‌ಪೇಟೆಯಲ್ಲಿ ಸಗಟು ಬಟ್ಟೆ ವ್ಯಾಪಾರ ಮಾಡುತ್ತಾ ತಲೆ ನರೆಸಿಕೊಂಡ ನನಗೆ ಗೊತ್ತಿದ್ದ ಎಲೆ, ಬಳ್ಳಿ, ಹೂವುಗಳೆಲ್ಲ ಸೀರೆಯ ಅಂಚಿನಲ್ಲಿದ್ದವು. ಅವಕ್ಕೆ ನೀರು ಬಿದ್ದರೆ ಬಣ್ಣ ಬಿಡುತ್ತಿತ್ತು, ಅಷ್ಟೇ. ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿದ ಮೇಲೆ ಒಂದು ಹಳೆಯ ಶಾಲಾ ವ್ಯಾನು ಕೊಂಡು, ಸೀಟುಗಳನ್ನು ಕೀಳಿಸಿ, ಮಂಚ, ಗ್ಯಾಸ್ ಒಲೆ, ನೀರಿನ ಟ್ಯಾಂಕು ಕೂರಿಸಿ ಓಡಾಡುವ ಮನೆ ಮಾಡಿಕೊಂಡೆ. ಅದರಲ್ಲಿ ಮಲಗಬಹುದು, ಅಡುಗೆ ಮಾಡಬಹುದು, ಹೆಂಡತಿಯೊಡನೆ ಜಗಳವನ್ನೂ ಆಡಬಹುದು. ಮುನಿಸಿಕೊಂಡು ಎದ್ದು ಹೋಗಲು ಮಾತ್ರ ಇನ್ನೊಂದು ಕೋಣೆಯಿಲ್ಲ.

ಗಾಡಿಮನೆ ಮಾಡಿಸಿದ್ದರ ಹಿಂದೆ ನನ್ನದೊಂದು ಹಠವಿತ್ತು. ನನ್ನ ಅಕ್ಕ ಗಿರಿಜೆಗೆ ಸಮುದ್ರ ತೋರಿಸಬೇಕು. ಭಾವ ತೀರಿಕೊಂಡ ಮೇಲೆ ಅವಳು ನಮ್ಮ ಜೊತೆಗೇ ಇದ್ದಾಳೆ. ಬಂದವಳು ಮಹಡಿಯ ವರಾಂಡ ಪೂರ್ತಿ ಕುಂಡ ಜೋಡಿಸಿದಳು. ಅಂದಿನಿಂದ ಒಂದು ರಾತ್ರಿಯೂ ಹೊರಗೆ ತಂಗಿದವಳಲ್ಲ. ಮದುವೆಯಿರಲಿ, ಗೃಹಪ್ರವೇಶವಿರಲಿ, ಯಾರು ಕರೆದರೂ ಒಂದೇ ಉತ್ತರ: "ಗಿಡಕ್ಕೆ ನೀರು ಹಾಕೋರ್ ಯಾರು?" ಪಕ್ಕದ ಮನೆಯವರು ಹಾಕುತ್ತಾರೆ ಎಂದರೆ, "ಅವರು ಹಾಕ್ತಾರೆ, ಆದ್ರೆ ನೋಡಲ್ಲ" ಎನ್ನುವಳು. ಹಾಕುವುದಕ್ಕೂ ನೋಡುವುದಕ್ಕೂ ಏನು ವ್ಯತ್ಯಾಸವೆಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಗಂಟು ಬಿಡಿಸಿದವಳು ನನ್ನ ಹೆಂಡತಿ ಉಮಾ. "ರೀ, ಅಕ್ಕ ಗಿಡ ಬಿಟ್ಟು ಬರಲ್ಲ ಅಂದ್ರೆ ಗಿಡಗಳನ್ನೂ ಕರ್ಕೊಂಡ್ ಹೋಗೋಣ. ಮನೇನೇ ಹೊರಟಿರೋವಾಗ ಗಿಡ ಯಾಕೆ ಬೇಡ?" ಎಂದಳು.

ಎಲ್ಲ ಗಿಡಗಳನ್ನೂ ಒಯ್ಯುವುದಂತೂ ಸಾಧ್ಯವಿರಲಿಲ್ಲ. ಸೊಸೆಯನ್ನು ಹುಡುಕುವವರ ಹಾಗೆ ನಾನು ವರಾಂಡದಲ್ಲಿ ವಧುಪರೀಕ್ಷೆಗೆ ಕುಳಿತೆ. ದಾಸವಾಳಕ್ಕೆ ದಿನವಿಡೀ ಬಿಸಿಲು ಬೇಕು, ಅದು ನಪಾಸು. ಕನಕಾಂಬರವೂ ಅಷ್ಟೇ. ಲೋಳೆಸರ ವಾರಗಟ್ಟಲೆ ನೀರಿಲ್ಲದೆ ಇರುತ್ತದೆ, ಸೊಂಟ ಗಟ್ಟಿ, ಪಾಸು. ಮನಿ ಪ್ಲಾಂಟ್ ಅರೆನೆರಳಿನಲ್ಲೂ ನಗುತ್ತದೆ. ದೊಡ್ಡಪತ್ರೆ ಇದ್ದರೆ ದಾರಿಯಲ್ಲಿ ತಂಬುಳಿಯಾಯಿತು. ಇವನ್ನು ಉಳಿಸಿಕೊಂಡು ಏಳುವಷ್ಟರಲ್ಲಿ ಅಕ್ಕ ಮೂಲೆಯಿಂದ ತನ್ನ ಜರೀಗಿಡವನ್ನು ಎತ್ತಿ ತಂದಳು. ಮಗುವಿನ ಕೂದಲಿನಂಥ ನವಿರಾದ ಎಲೆಗಳ ಫರ್ನ್ ಗಿಡ.

"ಅಕ್ಕ, ಇದು ಬೇಡ. ತುಂಬಾ ಸೂಕ್ಷ್ಮ."

"ನಾನೇನು ಗಟ್ಟೀನೇನೋ? ನನ್ನ ಕರ್ಕೊಂಡ್ ಹೋಗ್ತಿಲ್ವಾ?"

ಜರೀಗಿಡ ಪಾಸಾಯಿತು.

ಮೊದಲು ಒಂದು ಸುತ್ತು ಹೋಗಿ ನೋಡೋಣವೆಂದು ಗಾಂಧಿ ಬಜಾರಿನ ಕಡೆ ಹೊರಟೆವು. ರಸ್ತೆಯುಬ್ಬಿನ ಹಂಪೊಂದು ಎದುರಾಯಿತು. ನಾನದನ್ನು ನೋಡುವ ಮೊದಲೇ ವ್ಯಾನು ಅದನ್ನು ನೋಡಿತು. ಹಿಂದೆ ದಡಾರ್ ಎಂದು ಸದ್ದಾಗಿ ಲೋಳೆಸರ ಹಾಸಿಗೆಯ ಮೇಲೆ ಮಲಗಿತ್ತು, ಮನಿ ಪ್ಲಾಂಟು ಸಿಂಕಿನಲ್ಲಿತ್ತು, ಡಬ್ಬಿಯಲ್ಲಿದ್ದ ಉಪ್ಪಿಟ್ಟಿಗೆ ಕೆಂಪು ಮಣ್ಣಿನ ಒಗ್ಗರಣೆ ಬಿದ್ದಿತ್ತು. "ನಿಲ್ಸೋ ಗಾಡಿ!" ಎಂದ ಅಕ್ಕ ಜರೀಗಿಡವನ್ನು ಎದೆಗವಚಿಕೊಂಡು ಇಳಿದು, ಆಟೋ ಹಿಡಿದು ಮನೆಗೆ ಹೋಗಿಬಿಟ್ಟಳು.

ನನಗೆ ಛಲ ಬಂತು. ಹಿಂದಿನ ಕಾಲದಲ್ಲಿ ಗಿಡಗಳು ಹಡಗೇರಿ ಸಾಗರ ದಾಟಲಿಲ್ಲವೇ? ನಾವು ನಿತ್ಯ ಸಾರಿಗೆ ಹಾಕುವ ಮೆಣಸಿನಕಾಯಿ ಪರದೇಶದ್ದು. ಲಾಲ್‌ಬಾಗಿನ ಎಷ್ಟೋ ಮರಗಳ ಹಿರಿಯರು ನೀರಿನ ಮೇಲೆ ಬಂದವರು. ಹಡಗಿನಲ್ಲಿ ಅವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ತರುತ್ತಿದ್ದರಂತೆ. ಅಂಥವು ಬದುಕಿ ಬಂದಿರುವಾಗ ನನ್ನವು ಗಾಂಧಿ ಬಜಾರು ದಾಟಲಾರವೇ? ಬಡಗಿಯನ್ನು ಕರೆಸಿ, ಹಲಗೆಯಲ್ಲಿ ದುಂಡಗೆ ತೂತು ಕೊರೆಸಿ, ಕುಂಡಗಳು ಕತ್ತಿನವರೆಗೆ ಇಳಿದು ಕೂರುವಂತೆ ಮಾಡಿಸಿದೆ. ಮಣ್ಣಿನ ಕುಂಡ ಹೋಗಿ ಹಗುರಾದ ಪ್ಲಾಸ್ಟಿಕ್ಕಿನವು ಬಂದವು. ಮಣ್ಣು ಚೆಲ್ಲದಂತೆ ಮೇಲೆ ಬೆಣಚುಕಲ್ಲು ಹರಡಿದೆ. ಕಿಟಕಿ ಮುಚ್ಚಿ ಬಿಸಿಲಲ್ಲಿ ನಿಲ್ಲಿಸಿದರೆ ವ್ಯಾನು ಇಡ್ಲಿ ಪಾತ್ರೆಯಾಗುತ್ತದೆಂದು ಒಂದು ದೊಡ್ಡಪತ್ರೆಯ ಬಲಿ ಕೊಟ್ಟು ಕಲಿತೆ. ಬಿಳಿ ಪರದೆ ಹಾಕಿಸಿದೆ. ಕೊನೆಗೊಂದು ದಿನ ಅಕ್ಕನೆದುರು ಅದೇ ಹಂಪಿನ ಮೇಲೆ ಬೇಕೆಂದೇ ಗಾಡಿ ಹಾರಿಸಿದೆ. ಒಂದು ಕಲ್ಲೂ ಉದುರಲಿಲ್ಲ. ಅಕ್ಕ ಕುಂಡಗಳನ್ನೊಮ್ಮೆ ಅಲುಗಿಸಿ ನೋಡಿ, "ಯಾವತ್ತು ಹೊರಡೋದು?" ಎಂದಳು.

ವರಾಂಡದಲ್ಲಿ ಉಳಿದ ಕುಂಡಗಳನ್ನು ಕೊನೆಗೂ ಪಕ್ಕದ ಮನೆಯವರಿಗೇ ಒಪ್ಪಿಸಿ ಹೊರಟೆವು. ಶಿರಾಡಿ ಘಾಟಿ ಇಳಿಯುವಾಗ ಒಂದೆಡೆ ಚಹಾ ಮಾಡಲು ನಿಲ್ಲಿಸಿದೆವು. ಉಮಾ ಒಲೆ ಹಚ್ಚುತ್ತಿದ್ದಳು. ತಿರುವು ಬಂದಾಗಲೆಲ್ಲ ಜರೀಗಿಡವನ್ನು ಹಿಡಿದುಕೊಂಡೇ ಬಂದಿದ್ದ ಅಕ್ಕ, ಈಗಲೂ ಕೈ ತೆಗೆಯದೆ ಹೇಳಿದಳು:

"ನಿಜ ಹೇಳ್ತೀನಿ ಕಣೋ. ನೀರಿನ ವಿಷಯ ಅಲ್ಲ. ನಿಮ್ ಭಾವ ಹೋದಾಗ ನಾನು ಊರಲ್ಲಿರಲಿಲ್ಲ. ಮದ್ವೆಗೆ ಹೋಗಿದ್ದೆ. ಹೋಳಿಗೆ ಬಡಿಸ್ತಿದ್ದೆ, ಫೋನ್ ಬಂತು. ಆಮೇಲಿಂದ ನಾನು ಹೊಸಿಲು ದಾಟಿದ್ರೆ ಹಿಂದೆ ಏನೋ ಆಗೋಗತ್ತೆ ಅಂತ ಭಯ."

ಭಾವ ಹೋದ ದಿನ ಅವಳೆಲ್ಲಿದ್ದಳೆಂಬುದು ನಮಗೆಲ್ಲ ಗೊತ್ತಿತ್ತು. ಅದನ್ನೂ ಕುಂಡಗಳನ್ನೂ ಕೂಡಿಸಿ ನೋಡುವ ಬುದ್ಧಿ ಮಾತ್ರ ನಮ್ಮಲ್ಲಿ ಯಾರಿಗೂ ಬಂದಿರಲಿಲ್ಲ. ನಾನು ಅವಳ ಲೋಟಕ್ಕೆ ಇನ್ನಷ್ಟು ಸಕ್ಕರೆ ಹಾಕಿದೆ.

ಕಡಲ ತೀರದಲ್ಲಿ ತೆಂಗಿನ ನೆರಳು ನೋಡಿ ವ್ಯಾನು ನಿಲ್ಲಿಸಿದೆವು. ಒಳಗೆ ಧಗೆಯೆಂದು ಕಿಟಕಿಗಳನ್ನೆಲ್ಲ ತೆರೆದಿಟ್ಟೆವು. ಅಕ್ಕ ನೀರಿನ ಬಳಿ ಹೋಗಲೇ ಇಲ್ಲ. ಬಾಗಿಲಲ್ಲೇ ಕುಳಿತು ಒಂದು ಕಣ್ಣಲ್ಲಿ ಸಮುದ್ರವನ್ನೂ ಇನ್ನೊಂದರಲ್ಲಿ ಗಿಡಗಳನ್ನೂ ನೋಡುತ್ತಿದ್ದಳು. ಹಡಗಿನವರಿಗೆ ಗಾಜಿನ ಪೆಟ್ಟಿಗೆ ಯಾಕೆ ಬೇಕಾಗಿತ್ತೆಂದು ನನಗೆ ಆಗ ತಿಳಿಯಿತು. ಉಪ್ಪುಗಾಳಿ. ಮಾರನೆಯ ಮಧ್ಯಾಹ್ನದ ಹೊತ್ತಿಗೆ ಜರೀಗಿಡದ ಎಲೆಗಳು ತುದಿಯಿಂದ ಕಂದತೊಡಗಿದ್ದವು. ಅಕ್ಕ ಒದ್ದೆ ಬಟ್ಟೆಯಿಂದ ಒರೆಸಿದಳು, ಸಿಹಿನೀರು ಚಿಮುಕಿಸಿದಳು, ಸೆರಗು ಅಡ್ಡ ಹಿಡಿದಳು. ಅದರ ಮರುದಿನ ಬೆಳಿಗ್ಗೆ ನೋಡಿದರೆ ಗಿಡ ಪೂರ್ತಿ ಕಂದು. ಮುಟ್ಟಿದರೆ ಎಲೆ ಪುಡಿಯಾಗುತ್ತಿತ್ತು.

ಎಲ್ಲಾ ಮುಗಿಯಿತು, ಇನ್ನಿವಳು ಜನ್ಮದಲ್ಲಿ ಮನೆ ಬಿಟ್ಟು ಹೊರಡುವುದಿಲ್ಲ ಎಂದುಕೊಂಡೆ. ಉಮಾ ನನ್ನತ್ತ ನೋಡಿ ತಲೆ ತಗ್ಗಿಸಿದಳು.

ಅಕ್ಕ ಆ ಕುಂಡವನ್ನು ಹಲಗೆಯಿಂದ ಎತ್ತಿ ಮಡಿಲಲ್ಲಿಟ್ಟುಕೊಂಡಳು. ಆಮೇಲೆ ಮೆಲ್ಲಗೆ, ಲೆಕ್ಕವೊಂದು ಹೊಸದಾಗಿ ಅರ್ಥವಾದವಳಂತೆ ಹೇಳಿದಳು: "ಪಕ್ಕದಲ್ಲೇ ಕೂತಿದ್ದೆ. ಕಣ್ಣು ತೆಗೀದೇ ನೋಡ್ಕೊಂಡೆ. ಆದ್ರೂ ಹೋಯ್ತಲ್ಲೋ."

"ಹೌದಕ್ಕ."

"ನಾನು ಇದ್ದಿದ್ರೂ ಹೋಗ್ತಿದ್ರೇನೋ."

ಅವಳು ಗಿಡದ ಮಾತಾಡುತ್ತಿರಲಿಲ್ಲ. ಅಕ್ಕ ಕುಂಡವನ್ನು ಕೆಳಗಿಟ್ಟು, ಚಪ್ಪಲಿ ಬಿಟ್ಟು, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ನೀರಿನ ಕಡೆ ನಡೆದಳು. ನಾನು ಹಿಂದೆಯೇ ಓಡಿದೆ. ದೊಡ್ಡದೊಂದು ಅಲೆ ಏರಿ ಬಂತು. ಊರೂರು ಸುತ್ತಲು ಗಾಡಿ ಕಟ್ಟಿಸಿದ ಧೀರನಾದ ನಾನು ಪ್ಯಾಂಟು ಎತ್ತಿಕೊಂಡು ಹಿಂದಕ್ಕೆ ನೆಗೆದೆ. ಅಕ್ಕ ನಿಂತಲ್ಲೇ ನಿಂತಿದ್ದಳು. ಮೊಣಕಾಲಿನವರೆಗೂ ತೊಯ್ದುಕೊಂಡು, ತಿರುಗಿ ನನ್ನನ್ನು ನೋಡಿ ನಕ್ಕಳು.

"ಬಾರೋ, ಒದ್ದೆಯಾದ್ರೆ ಒಣಗತ್ತೆ!"